ವಜ್ರವನ್ನು ಮೇಜಿನ ಕೆಳಗೆ ಹಿಡಿದು ನೋಡಿ

ವಜ್ರಗಳಿಗೆ ದರ್ಜೆ ಹಾಕುವ ಕೆಲಸವನ್ನು ನಾನು 22 ವರ್ಷ ಮಾಡಿದೆ. ಬಿಳಿ ಮೇಜು, ಬಿಳಿ ದೀಪ, ಒಂದು ಚಿಮಟ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಎಂಬ ಪುಟ್ಟ ಭೂತಗನ್ನಡಿ, ಎದುರಿಗೆ ಮಡಿಸಿಟ್ಟ ಕಾಗದದ ಪೊಟ್ಟಣಗಳು. ನನ್ನ ಪ್ರಪಂಚ ಅಷ್ಟೇ ಆಗಿತ್ತು. ಕಣ್ಣು ಸೋತ ಮೇಲೆ ಕೆಲಸ ಬಿಟ್ಟೆ. ಆದರೆ ಪ್ರಶ್ನೆ ಕೇಳುವವರು ನನ್ನನ್ನು ಬಿಡಲಿಲ್ಲ. ಪರಿಚಯದವರು ಯಾರಾದರೂ ವಜ್ರ ಕೊಳ್ಳಲು ಹೊರಟರೆ ಸಾಕು, ಮೊಬೈಲ್‌ನಲ್ಲಿ ಪ್ರಮಾಣಪತ್ರದ ಚಿತ್ರ ಕಳುಹಿಸಿ "ಇದು ಒಳ್ಳೆಯದೇ, ನೋಡಿ ಹೇಳಿ" ಎನ್ನುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಮಾತು: "ಕಲ್ಲನ್ನು ನೋಡಿದಿರಾ?" ಹೆಚ್ಚಿನ ಸಲ ಅದಕ್ಕೆ ಉತ್ತರ ಬರುವುದಿಲ್ಲ.

ಈ ನನ್ನ ಸಿಡುಕಿಗೆ ಕಾರಣವಿದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಅಕ್ಕ ಒಂದು ವಜ್ರ ಆರಿಸಿಕೊಡು ಎಂದಳು. ದರ್ಜೆಯ ಅಕ್ಷರಗಳನ್ನು ಆಗಷ್ಟೇ ಬಾಯಿಪಾಠ ಮಾಡಿಕೊಂಡಿದ್ದ ಹುಮ್ಮಸ್ಸಿನಲ್ಲಿ 0.70 ಕ್ಯಾರೆಟ್‌ನ ಒಂದು ದುಂಡು ಕಲ್ಲು ಆರಿಸಿದೆ. ಬಣ್ಣ ಇ, ಸ್ವಚ್ಛತೆ ವಿವಿಎಸ್1, ಎರಡೂ ಮೇಲಿನ ಸಾಲಿನ ದರ್ಜೆಗಳು. ಕಾಗದದ ಮೇಲೆ ಅದಕ್ಕಿಂತ ಚೆಂದದ ಕಲ್ಲು ಬೇಕೆನ್ನುವವರು ಕಡಿಮೆ. ಸಾಲದ್ದಕ್ಕೆ ಅಗಲವೂ ಹೆಚ್ಚು. ಆ ತೂಕದ ಕಲ್ಲು ಸಾಮಾನ್ಯವಾಗಿ 5.7 ಮಿಲಿಮೀಟರ್ ಇದ್ದರೆ ಇದು ಆರರ ಹತ್ತಿರವಿತ್ತು. ಲಾಭವೇ ಆಯಿತೆಂದು ಹಿಗ್ಗಿದೆ. ಅಕ್ಕ ಉಂಗುರ ಹಾಕಿಕೊಂಡು ಕಿಟಕಿಯ ಬಳಿ ಹೋಗಿ, ಕೈಯನ್ನು ಅತ್ತಿತ್ತ ತಿರುಗಿಸಿ, "ಇದೇನೋ, ಮೀನಿನ ಕಣ್ಣು ನೋಡಿದ ಹಾಗಿದೆಯಲ್ಲೋ" ಎಂದಳು.

ಅವಳಿಗೆ ವಜ್ರದ ವಿದ್ಯೆ ಒಂದಕ್ಷರವೂ ಗೊತ್ತಿರಲಿಲ್ಲ. ಆದರೆ ಅವಳು ಕಂಡ ದೋಷಕ್ಕೆ ನಮ್ಮ ಕಸುಬಿನಲ್ಲಿರುವ ಹೆಸರೇ ಫಿಶ್ ಐ, ಮೀನುಗಣ್ಣು! ಕಲ್ಲಿನ ಕೆಳಭಾಗ ಆಳ ಸಾಲದೆ ಚಪ್ಪಟೆಯಾದಾಗ, ಸೊಂಟದ ಅಂಚಿನ ಪ್ರತಿಬಿಂಬ ಮೇಲಿನಿಂದ ಬೂದು ಬಳೆಯಂತೆ ಕಾಣುತ್ತದೆ. ಹೆಚ್ಚಿನ ಅಗಲ ಬಂದಿದ್ದೂ ಅದೇ ಚಪ್ಪಟೆತನದಿಂದ. ದಿನಕ್ಕೆ ನೂರಾರು ಕಲ್ಲು ನೋಡುತ್ತಿದ್ದ ನನಗೆ ಕಾಣದ್ದು ಅಕ್ಕನಿಗೆ ಒಂದೇ ನೋಟಕ್ಕೆ ಕಂಡಿತು. ಏಕೆಂದರೆ ನಾನು ಓದಿದ್ದೆ, ಅವಳು ನೋಡಿದ್ದಳು.

ಹಾಗಾಗಿ ನನ್ನ ಕ್ರಮ ಬೇರೆ. ಎಲ್ಲರೂ ತೂಕದಿಂದ ಶುರು ಮಾಡುತ್ತಾರೆ. ನಾನು ಕಟ್‌ನಿಂದ ಶುರು ಮಾಡುತ್ತೇನೆ.

ಕಟ್: ಬೆಳಕು ಬಂದ ದಾರಿಯಲ್ಲಿ ಹಿಂದಿರುಗಬೇಕು

ಮೊದಲು ಒಂದು ಗೊಂದಲ ಬಿಡಿಸೋಣ. ದುಂಡು, ಚೌಕ, ಅಂಡಾಕಾರ ಎಂಬುದು ಆಕಾರ. ಕಟ್ ಎಂದರೆ ಆ ಆಕಾರದಲ್ಲಿ ಮುಖಗಳನ್ನು, ಅಂದರೆ ಸಾಣೆ ಹಿಡಿದ ಚಪ್ಪಟೆ ಮೈಗಳನ್ನು, ಯಾವ ಕೋನದಲ್ಲಿ, ಎಷ್ಟು ಅಚ್ಚುಕಟ್ಟಾಗಿ ಕೂರಿಸಿದ್ದಾರೆ ಎಂಬುದು. ಬಣ್ಣ, ಸ್ವಚ್ಛತೆ ಭೂಮಿ ಕೊಟ್ಟದ್ದು. ಕಟ್ ಮಾತ್ರ ಮನುಷ್ಯನ ಕೈಯದು, ಮೋಸ ಅಥವಾ ದುರಾಸೆ ನುಸುಳುವುದೂ ಹೆಚ್ಚಾಗಿ ಅಲ್ಲೇ.

ದುಂಡು ಬ್ರಿಲಿಯಂಟ್ ಕಲ್ಲಿಗೆ 57 ಮುಖಗಳು. ತುದಿಯಲ್ಲಿ ಕ್ಯೂಲೆಟ್ ಎಂಬ ಚಿಕ್ಕ ಮುಖವನ್ನೂ ಸವೆಸಿದ್ದರೆ 58. ನೆತ್ತಿಯ ದೊಡ್ಡ ಚಪ್ಪಟೆ ಮುಖ ಟೇಬಲ್, ಅದರ ಸುತ್ತಲಿನ ಇಳಿಜಾರು ಕ್ರೌನ್, ಸೊಂಟ ಗರ್ಡಲ್, ಕೆಳಗಿನ ಶಂಕುವಿನಂತಹ ಭಾಗ ಪೆವಿಲಿಯನ್. ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಹೇಳುವ ವಕ್ರೀಭವನ ಸೂಚ್ಯಂಕ ವಜ್ರಕ್ಕೆ ಸುಮಾರು 2.42. ಅಂದರೆ ಒಳಗೆ ಬಂದ ಬೆಳಕು ಸುಲಭವಾಗಿ ಹೊರಗೆ ಹೋಗಲಾರದು, ಲಂಬಕ್ಕೆ 24.4 ಡಿಗ್ರಿಗಿಂತ ಹೆಚ್ಚು ವಾಲಿ ಗೋಡೆಗೆ ಬಡಿದರೆ ಪೂರ್ತಿಯಾಗಿ ಪ್ರತಿಫಲಿಸುತ್ತದೆ. ಪೆವಿಲಿಯನ್ ಕೋನ ಸರಿಯಿದ್ದರೆ ಬೆಳಕು ಒಂದು ಗೋಡೆಗೆ ಬಡಿದು, ಎದುರಿನ ಗೋಡೆಗೆ ಹಾರಿ, ಮತ್ತೆ ಮೇಲಿನಿಂದಲೇ ನಿಮ್ಮ ಕಣ್ಣಿಗೆ ಬರುತ್ತದೆ. ತೀರಾ ಚಪ್ಪಟೆಯಾದರೆ ಅಕ್ಕನ ಮೀನುಗಣ್ಣು. ತೀರಾ ಆಳವಾದರೆ ಬೆಳಕು ಕೆಳಗಿನಿಂದ ಸೋರಿ, ನಡುವೆ ಮೊಳೆಯ ತಲೆಯಂತಹ ಕಪ್ಪು ವೃತ್ತ ಕೂರುತ್ತದೆ.

1919ರಲ್ಲಿ ಮಾರ್ಸೆಲ್ ಟಾಲ್ಕೊವ್‌ಸ್ಕಿ ಎಂಬ ಎಂಜಿನಿಯರ್ ಇದನ್ನೆಲ್ಲ ಲೆಕ್ಕ ಹಾಕಿ ಪ್ರಕಟಿಸಿದ. ವಜ್ರ ಕತ್ತರಿಸುವ ಮನೆತನದಲ್ಲೇ ಹುಟ್ಟಿದವನು. ಅವನ ಅಂಕಿಗಳು: ಟೇಬಲ್ ಕಲ್ಲಿನ ಅಗಲದ 53 ಪ್ರತಿಶತ, ಕ್ರೌನ್ ಕೋನ 34.5 ಡಿಗ್ರಿ, ಪೆವಿಲಿಯನ್ ಕೋನ 40.75 ಡಿಗ್ರಿ. ನೂರು ವರ್ಷ ಕಳೆದರೂ ನಾವು ಅದರ ಸುತ್ತಮುತ್ತಲೇ ಸುಳಿಯುತ್ತಿದ್ದೇವೆ. ದುಂಡು ಕಲ್ಲು ಕೊಳ್ಳುವವರಿಗೆ ನಾನು ಚೀಟಿಯಲ್ಲಿ ಬರೆದುಕೊಡುವುದು ಇಷ್ಟು: ಟೇಬಲ್ 54ರಿಂದ 58, ಒಟ್ಟು ಆಳ 60ರಿಂದ 62.5 ಪ್ರತಿಶತ, ಕ್ರೌನ್ 34ರಿಂದ 35 ಡಿಗ್ರಿ, ಪೆವಿಲಿಯನ್ 40.6ರಿಂದ 41. ಈ ಅಂಕಿಗಳೆಲ್ಲ ಒಳ್ಳೆಯ ಪ್ರಯೋಗಾಲಯದ ವರದಿಯಲ್ಲಿ, ಅಂದರೆ ಪ್ರಮಾಣಪತ್ರದಲ್ಲಿ, ಅಡ್ಡ ಸೀಳಿದ ಚಿತ್ರದ ಪಕ್ಕದಲ್ಲೇ ಇರುತ್ತವೆ. ಕ್ರೌನ್ ಸ್ವಲ್ಪ ಎತ್ತರವಾದರೆ ಪೆವಿಲಿಯನ್ ಸ್ವಲ್ಪ ತಗ್ಗಬೇಕು. ತಕ್ಕಡಿಯ ಎರಡು ತಟ್ಟೆಗಳಿದ್ದಂತೆ. ಕ್ರೌನ್ ಅರ್ಧ ಡಿಗ್ರಿ ತಪ್ಪಿದರೆ ಕ್ಷಮಿಸಬಹುದು, ಪೆವಿಲಿಯನ್ ಅಷ್ಟೇ ತಪ್ಪಿದರೆ ಕಣ್ಣಿಗೆ ಹೊಡೆಯುತ್ತದೆ.

"ವರದಿಯಲ್ಲಿ ಎಕ್ಸಲೆಂಟ್ ಎಂದೇ ಬರೆದಿದೆಯಲ್ಲ" ಎನ್ನುತ್ತೀರಿ. ಅಮೆರಿಕದ ಜೆಮಾಲಾಜಿಕಲ್ ಇನ್‌ಸ್ಟಿಟ್ಯೂಟ್, ಎಲ್ಲರ ಬಾಯಲ್ಲಿ ಜಿಐಎ, 2006ರಿಂದ ದುಂಡು ಬ್ರಿಲಿಯಂಟ್ ಕಲ್ಲುಗಳಿಗೆ ಕಟ್ ದರ್ಜೆ ಕೊಡುತ್ತಿದೆ: ಎಕ್ಸಲೆಂಟ್, ವೆರಿ ಗುಡ್, ಗುಡ್, ಫೇರ್, ಪೂರ್. ಈ ಎಕ್ಸಲೆಂಟ್ ಬಹಳ ದೊಡ್ಡ ಕೋಣೆ. ಬಾಗಿಲಲ್ಲಿ ನಿಂತವನೂ ಒಳಗಿದ್ದಾನೆ, ನಡುಮನೆಯಲ್ಲಿ ಕುಳಿತವನೂ ಒಳಗಿದ್ದಾನೆ. ನಿಮಗೆ ನಡುಮನೆಯವನು ಬೇಕು. ಎಕ್ಸಲೆಂಟ್ ಅಲ್ಲದ ದುಂಡು ಕಲ್ಲನ್ನು ಅಷ್ಟಾಗಿ ಯೋಚಿಸದೆ ಪಕ್ಕಕ್ಕಿಡಿ. ಎಕ್ಸಲೆಂಟ್ ಆದದ್ದನ್ನು ಯೋಚಿಸದೆ ಕೊಳ್ಳಬೇಡಿ.

ಕಟ್ ಕೆಡುವುದಕ್ಕೆ ಮೂಲ ಕಾರಣ ತೂಕದ ಮೋಹ. ಕಚ್ಚಾ ಕಲ್ಲಿನಿಂದ ಆದಷ್ಟು ತೂಕ ಉಳಿಸಿಕೊಂಡರೆ ಮಾರುವವನಿಗೆ ಲಾಭ, ಹೊಳಪಿಗೆ ನಷ್ಟ. ಇದಕ್ಕೆ ಕೊಹಿನೂರಿಗಿಂತ ದೊಡ್ಡ ಸಾಕ್ಷಿ ಬೇಡ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಅದನ್ನು ನೋಡಲು ಜನ ಮುಗಿಬಿದ್ದರು, ನೋಡಿದವರು ಮುಖ ಸಪ್ಪಗೆ ಮಾಡಿಕೊಂಡು ಹೋದರು. ಅಷ್ಟು ದೊಡ್ಡ ಕಲ್ಲು, ಥಳಕೇ ಇಲ್ಲ. ಮರುವರ್ಷ ಮತ್ತೆ ಕತ್ತರಿಸಿದಾಗ, ಹಳೆಯ ಲೆಕ್ಕದಲ್ಲಿ 186 ಕ್ಯಾರೆಟ್ ಇದ್ದದ್ದು ಈಗಿನ ಲೆಕ್ಕದಲ್ಲಿ 105.6ಕ್ಕೆ ಇಳಿಯಿತು. ಹೊಳಪಿಗಾಗಿ ಅಷ್ಟೊಂದು ತೂಕ ತೆತ್ತರು. ಸಾಣೆ ಹಿಡಿಯುವವನ ಮೇಜಿನ ಮೇಲೆ ಇಂದಿಗೂ ಇದೇ ಜಗಳ ನಡೆಯುತ್ತದೆ, ಅರ್ಧ ಕ್ಯಾರೆಟ್‌ನ ಕಲ್ಲಿಗೂ.

ಇನ್ನು ಮೇಜಿನ ಕೆಳಗಿನ ವಿಚಾರ. ಅಂಗಡಿಯ ಚಾವಣಿಯಲ್ಲಿ ಹತ್ತಾರು ಪುಟ್ಟ ದೀಪಗಳಿರುತ್ತವೆ, ಒಂದೊಂದೂ ಒಂದೊಂದು ಚುಕ್ಕೆ ಸೂರ್ಯ. ಅವುಗಳ ಕೆಳಗೆ ಗಾಜಿನ ಚೂರೂ ಮಿನುಗುತ್ತದೆ. ಮೀನುಗಣ್ಣೂ ಮುಚ್ಚಿಹೋಗುತ್ತದೆ, ನಾನು ಮೋಸ ಹೋದದ್ದೂ ಅಂತಹ ದೀಪದ ಕೆಳಗೇ. ಆದ್ದರಿಂದ ಕಲ್ಲನ್ನು ಮೊದಲು ಒರೆಸಿಕೊಡಲು ಹೇಳಿ. ಬೆರಳಿನ ಜಿಡ್ಡು ವಜ್ರಕ್ಕೆ ಗೋಂದಿನಂತೆ ಅಂಟುತ್ತದೆ. ನಂತರ ಅದನ್ನು ಹಿಡಿದು ದೀಪದಿಂದ ದೂರ, ನೆರಳಿಗೆ ಬನ್ನಿ. ಕಿಟಕಿಯ ಮಂದ ಬೆಳಕು ಸಿಕ್ಕರೆ ಸರಿ, ಇಲ್ಲವಾದರೆ ನಾಚಿಕೆ ಬಿಟ್ಟು ಬಗ್ಗಿ ಮೇಜಿನ ಕೆಳಗೆ ಹಿಡಿಯಿರಿ. ಒಳ್ಳೆಯ ಕಟ್‌ನ ಕಲ್ಲು ಅಲ್ಲಿಯೂ ಅಂಚಿನಿಂದ ಅಂಚಿಗೆ ಬೆಳ್ಳಗೆ ಜೀವಂತವಾಗಿರುತ್ತದೆ, ನಡುವೆ ಕಪ್ಪು ಬಾಣಗಳಂತಹ ಸ್ಪಷ್ಟ ವಿನ್ಯಾಸ ಕಾಣುತ್ತದೆ. ಕೆಟ್ಟ ಕಟ್‌ನದು ಬೂದಿ ಮುಚ್ಚಿದಂತೆ ಮಂಕಾಗುತ್ತದೆ. ಮುಖಕ್ಕೆ ತೀರಾ ಹತ್ತಿರ ತರಬೇಡಿ, ನಿಮ್ಮ ತಲೆಯ ಕಪ್ಪೇ ಅದರೊಳಗೆ ಕಾಣುತ್ತದೆ. ಒಂದಡಿ ದೂರ ಸಾಕು. ನಿಧಾನವಾಗಿ ವಾಲಿಸಿ. ಎಷ್ಟು ವಾಲಿಸಿದಾಗ ಬೂದು ಬಳೆ ಇಣುಕುತ್ತದೆ ನೋಡಿ. ನೇರವಾಗಿ ನೋಡಿದಾಗಲೇ ಇಣುಕಿದರೆ ಎದ್ದು ಬನ್ನಿ. ಕಾಮನಬಿಲ್ಲಿನ ಕಿಡಿಗಳು ಮಾತ್ರ ನೆರಳಿನಲ್ಲಿ ಕಾಣುವುದಿಲ್ಲ, ಅವಕ್ಕೆ ಚುಕ್ಕೆ ದೀಪವೇ ಬೇಕು. ಆದ್ದರಿಂದ ಎರಡೂ ಕಡೆ ನೋಡಿ, ನೆರಳಿನಲ್ಲಿ ಮೊದಲು.

ಒಂದೇ ಕಲ್ಲನ್ನು ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಎರಡು ಮೂರನ್ನು ಒಟ್ಟಿಗೆ ಇಡಲು ಹೇಳಿ, ಕಾಗದಗಳನ್ನು ಮಗುಚಿಹಾಕಿ, ಕಣ್ಣಿಗೆ ಹಿಡಿಸಿದ್ದನ್ನು ಬೆರಳು ಮಾಡಿ ತೋರಿಸಿ. ಆಮೇಲೆ ಕಾಗದ ತಿರುಗಿಸಿ. ನಿಮ್ಮ ಬೆರಳು ಎಷ್ಟು ಸಲ ಕಡಿಮೆ ಬೆಲೆಯ ಕಲ್ಲಿನ ಮೇಲೆ ನಿಂತಿರುತ್ತದೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ.

ದುಂಡಲ್ಲದ ಆಕಾರಗಳಿಗೆ ಮೇಲಿನ ಅಂಕಿಗಳನ್ನು ಹಚ್ಚಬೇಡಿ. ಅಲ್ಲಿ ಕಣ್ಣೇ ದಿಕ್ಕು. ಅಂಡಾಕಾರ, ಹನಿಯಾಕಾರ, ದೋಣಿಯಂತಹ ಮಾರ್ಕೀಸ್ ಕಲ್ಲುಗಳ ನಡುವೆ ಚಿಟ್ಟೆಯ ರೆಕ್ಕೆಯಂತಹ ಕಪ್ಪು ಪಟ್ಟಿ ಬೀಳುತ್ತದೆ. ತುಸು ಇದ್ದರೆ ಅಂದವೇ. ವಾಲಿಸಿದರೂ ಕದಲದೆ ಕಪ್ಪಾಗಿಯೇ ಕುಳಿತಿದ್ದರೆ ಬೇಡ. ಮೆಟ್ಟಿಲು ಮೆಟ್ಟಿಲಾಗಿ ಮುಖಗಳಿರುವ ಎಮರಾಲ್ಡ್ ಕಟ್ ಕಿಟಕಿ ಗಾಜಿದ್ದಂತೆ. ಒಳಗಿನ ಕಲೆ, ಬಣ್ಣ ಎರಡನ್ನೂ ಬಚ್ಚಿಡುವುದಿಲ್ಲ. ಚೂಪು ಮೂಲೆಯ ಕಲ್ಲುಗಳ ಮೂಲೆಯನ್ನು ಲೋಹ ಮುಚ್ಚಿ ಹಿಡಿದಿರಬೇಕು, ಇಲ್ಲವಾದರೆ ಮುಕ್ಕಾಗುತ್ತದೆ.

ತೂಕ

ಕ್ಯಾರೆಟ್ ಎಂಬ ಪದ ಎರಡು ಕಡೆ ಬಂದು ಜನರನ್ನು ಕಾಡುತ್ತದೆ. ಚಿನ್ನದ ಕ್ಯಾರೆಟ್ ಶುದ್ಧತೆಯ ಅಳತೆ, ವಜ್ರದ ಕ್ಯಾರೆಟ್ ತೂಕದ ಅಳತೆ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಗ್ರಾಂನ ಐದನೆಯ ಒಂದು ಭಾಗ. ಕ್ಯಾರಬ್ ಎಂಬ ಮರದ ಬೀಜದಿಂದ ಬಂದ ಹೆಸರು. ಊರಿಗೊಂದು ಲೆಕ್ಕವಿದ್ದದ್ದನ್ನು 1907ರಲ್ಲಿ 200 ಮಿಲಿಗ್ರಾಂಗೆ ನಿಲ್ಲಿಸಿದರು. ಅದನ್ನು ನೂರು ಭಾಗ ಮಾಡಿದರೆ ಒಂದೊಂದು ಒಂದು ಸೆಂಟ್, 0.35 ಕ್ಯಾರೆಟ್ ಎಂದರೆ 35 ಸೆಂಟ್.

ತೂಕ ಇಮ್ಮಡಿಯಾದರೆ ಕಲ್ಲು ಇಮ್ಮಡಿ ಕಾಣುವುದಿಲ್ಲ. ಚೆನ್ನಾಗಿ ಕತ್ತರಿಸಿದ ಅರ್ಧ ಕ್ಯಾರೆಟ್ ದುಂಡು ಕಲ್ಲಿನ ಅಗಲ ಸುಮಾರು 5.1 ಮಿಲಿಮೀಟರ್, ಒಂದು ಕ್ಯಾರೆಟ್‌ನದು 6.5ರ ಆಸುಪಾಸು, ಎರಡು ಕ್ಯಾರೆಟ್‌ನದು 8.2ರ ಆಸುಪಾಸು. ಬೆಲೆ ಮಾತ್ರ ಅರ್ಧ, ಮುಕ್ಕಾಲು, ಒಂದು ಎಂಬ ದುಂಡು ಸಂಖ್ಯೆ ದಾಟಿದ ಕೂಡಲೇ ಮೆಟ್ಟಿಲು ಹತ್ತಿದಂತೆ ಜಿಗಿಯುತ್ತದೆ. 0.96ಕ್ಕೂ 1.00ಕ್ಕೂ ಅಗಲದಲ್ಲಿ ಇರುವ ವ್ಯತ್ಯಾಸ ಕೂದಲೆಳೆಯಷ್ಟು. ಆ ಮೆಟ್ಟಿಲಿನ ಕೆಳಗೇ ನಿಂತು ಹುಡುಕಿ. ಸರಿಯಾಗಿ 1.00 ಎಂದು ಬರೆದ ಕಲ್ಲು ಸಿಕ್ಕರೆ ಮಿಲಿಮೀಟರ್ ಸಾಲನ್ನು ಓದಿ. ಅಗಲ 6.2 ಮಾತ್ರ ಇದ್ದರೆ ಉಳಿದ ತೂಕ ಎಲ್ಲಿದೆ? ದಪ್ಪ ಸೊಂಟದಲ್ಲೋ, ಆಳದ ಹೊಟ್ಟೆಯಲ್ಲೋ ಅಡಗಿದೆ. ಕಾಣದ ತೂಕಕ್ಕೂ ನೀವು ಹಣ ಕೊಡುತ್ತೀರಿ.

"ಒಟ್ಟು ಒಂದು ಕ್ಯಾರೆಟ್" ಎಂದು ಹೇಳಿ ಹತ್ತು ಸೆಂಟ್‌ನ ಹತ್ತು ಕಲ್ಲು ಕೂರಿಸಿದ ಒಡವೆಯನ್ನು ಒಂದೇ ಕಲ್ಲಿನ ಒಡವೆಗೆ ಹೋಲಿಸಬೇಡಿ. ಅವೆರಡರ ಬೆಲೆಯ ಲೆಕ್ಕವೇ ಬೇರೆ.

ಬಣ್ಣ, ಅಥವಾ ಬಣ್ಣವಿಲ್ಲದಿರುವುದು

ಬಿಳಿ ವಜ್ರದ ಬಣ್ಣದ ಅಳತೆ ಡಿ ಅಕ್ಷರದಿಂದ ಝಡ್ ತನಕ. ಎ, ಬಿ, ಸಿ ಎಲ್ಲಿ ಹೋದವು ಎಂದು ಎಲ್ಲರೂ ಕೇಳುತ್ತಾರೆ. ಹಿಂದೆ ವ್ಯಾಪಾರಿಗಳು ಎ, ಎಎ, ಎಎಎ ಎಂದು ಮನಬಂದಂತೆ ಬರೆಯುತ್ತಿದ್ದರು. ಜಿಐಎ ತನ್ನ ಅಳತೆ ರೂಪಿಸುವಾಗ ಆ ಗದ್ದಲದಿಂದ ದೂರವಿರಲು ಡಿಯಿಂದ ಶುರು ಮಾಡಿತು. ಡಿ, ಇ, ಎಫ್ ಬಣ್ಣರಹಿತ. ಜಿಯಿಂದ ಜೆ ತನಕ ಬಹುತೇಕ ಬಣ್ಣರಹಿತ. ಕೆಯಿಂದ ಕೆಳಗೆ ಇಳಿದಂತೆ ಹಳದಿ ಛಾಯೆ ಏರುತ್ತದೆ. ಆ ಹಳದಿಗೆ ಕಾರಣ ಸಾಮಾನ್ಯವಾಗಿ ಇಂಗಾಲದ ನಡುವೆ ಸಿಕ್ಕಿಕೊಂಡ ಸಾರಜನಕ. ಝಡ್ ದಾಟಿದ ಗಾಢ ಹಳದಿ, ಇಲ್ಲವೇ ಗುಲಾಬಿ, ನೀಲಿ ಕಲ್ಲುಗಳದ್ದು ಬೇರೆಯೇ ಲೋಕ. ಅಲ್ಲಿ ಬಣ್ಣ ಹೆಚ್ಚಿದಷ್ಟೂ ಬೆಲೆ.

ಡಿಗೂ ಇಗೂ ಇರುವ ವ್ಯತ್ಯಾಸವನ್ನು ನಾನು ಹೇಗೆ ಕಂಡುಹಿಡಿಯುತ್ತಿದ್ದೆ ಗೊತ್ತೇ? ಕಲ್ಲನ್ನು ತಲೆಕೆಳಗಾಗಿ ಬಿಳಿ ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಬಣ್ಣ ಗೊತ್ತಿರುವ ಮಾದರಿ ಕಲ್ಲುಗಳನ್ನು ಸಾಲಾಗಿ ಜೋಡಿಸಿ, ಬದಿಯಿಂದ ನೋಡಿ, ಕಣ್ಣಿಗೆ ವಿಶ್ರಾಂತಿ ಕೊಟ್ಟು, ಮತ್ತೆ ನೋಡಿ. ಅಷ್ಟೆಲ್ಲ ಮಾಡಿದರೂ ಸಹೋದ್ಯೋಗಿ ಬೇರೆ ಅಕ್ಷರ ಹೇಳಿದ ದಿನಗಳುಂಟು. ಒಂದು ಸಲ ಹಳದಿ ಅಂಗಿ ಹಾಕಿಕೊಂಡು ಹೋಗಿ, ಬೆಳಗಿನಿಂದ ಹಾಕಿದ ದರ್ಜೆಗಳನ್ನೆಲ್ಲ ಸಂಜೆ ಮತ್ತೆ ಹಾಕಬೇಕಾಯಿತು; ಅಂಗಿಯ ಛಾಯೆ ಕಲ್ಲುಗಳಿಗೆಲ್ಲ ಬಡಿದಿತ್ತು. ತಲೆಕೆಳಗಾಗಿ ಇಟ್ಟರೂ ಇಷ್ಟು ಕಷ್ಟವಾಗುವ ವ್ಯತ್ಯಾಸ, ಉಂಗುರದಲ್ಲಿ ಕೂತು ಮೇಲ್ಮುಖವಾಗಿ ಮಿನುಗುವಾಗ ಯಾರಿಗೆ ಕಾಣಬೇಕು? ಒಳ್ಳೆಯ ಕಟ್ ಬಣ್ಣವನ್ನು ನುಂಗುತ್ತದೆ. ಬಿಳಿ ಲೋಹಕ್ಕೆ ಜಿ ಅಥವಾ ಎಚ್, ಹಳದಿ ಚಿನ್ನಕ್ಕೆ ಜೆ ಅಥವಾ ಕೆ ಇದ್ದರೂ ದುಂಡು ಕಲ್ಲು ಬೆಳ್ಳಗೇ ಕಾಣುತ್ತದೆ. ಕಲ್ಲು ದೊಡ್ಡದಾದಷ್ಟೂ ಛಾಯೆ ಎದ್ದು ಕಾಣುವುದರಿಂದ ಎರಡು ಕ್ಯಾರೆಟ್ ದಾಟಿದವರು ಒಂದು ಮೆಟ್ಟಿಲು ಮೇಲೆ ಹೋಗಲಿ.

ನೀವೇ ನೋಡಬೇಕೆಂದಿದ್ದರೆ ಒಂದು ದಪ್ಪನೆಯ ಬಿಳಿ ಕಾರ್ಡನ್ನು ನಡುವೆ ಮಡಿಸಿ, ಆ ಕಣಿವೆಯಲ್ಲಿ ಕಲ್ಲನ್ನು ಬೋರಲು ಹಾಕಿ ಬದಿಯಿಂದ ನೋಡಿ. ಬಿಡಿ ಕಲ್ಲಾಗಿದ್ದರೆ ಮಾತ್ರ ಇದು ಸಾಧ್ಯ; ಲೋಹದಲ್ಲಿ ಕೂರಿಸಿದ ಮೇಲೆ ಬಣ್ಣವನ್ನು ಖಚಿತವಾಗಿ ಹೇಳುತ್ತೇನೆನ್ನುವವರನ್ನು ನಂಬಬೇಡಿ.

ವರದಿಯಲ್ಲಿ ಫ್ಲೋರೆಸೆನ್ಸ್ ಎಂಬ ಸಾಲೊಂದಿರುತ್ತದೆ. ನೇರಳಾತೀತ ಬೆಳಕಿನಲ್ಲಿ ನಾಲ್ಕರಲ್ಲೊಂದು ಅಥವಾ ಮೂರರಲ್ಲೊಂದು ವಜ್ರ ಹೊಳೆಯುತ್ತದೆ, ಹೆಚ್ಚಾಗಿ ನೀಲಿಯಾಗಿ. ಇದನ್ನು ರೋಗವೆಂಬಂತೆ ಕಾಣುವವರಿದ್ದಾರೆ. ನನ್ನ ಅನುಭವದಲ್ಲಿ ಐ, ಜೆ ಬಣ್ಣದ ಕಲ್ಲಿಗೆ ಮಧ್ಯಮ ನೀಲಿ ಹೊಳಪು ಉಪಕಾರವೇ ಮಾಡುತ್ತದೆ, ಬಿಸಿಲಿನಲ್ಲಿ ಹಳದಿಯನ್ನು ತುಸು ಅಡಗಿಸುತ್ತದೆ. ತುಂಬಾ ಪ್ರಬಲವಾಗಿರುವ ಕೆಲವೇ ಕಲ್ಲುಗಳು ಹಾಲು ಬೆರೆಸಿದ ನೀರಿನಂತೆ ಮಸುಕಾಗುತ್ತವೆ. ಪರೀಕ್ಷೆ ಸುಲಭ: ಹೊರಗೆ ಬಿಸಿಲಿಗೆ ತನ್ನಿ. ಮಸುಕಿಲ್ಲದಿದ್ದರೆ ರಿಯಾಯಿತಿ ಕೇಳಿ ಕೊಂಡುಕೊಳ್ಳಿ.

ಸ್ವಚ್ಛತೆ: ಏನಿದೆ ಎಂಬುದಕ್ಕಿಂತ ಎಲ್ಲಿದೆ

ಕಲ್ಲಿನಲ್ಲಿ ಕಲೆಗಳು ಎಷ್ಟು ಕಡಿಮೆ ಎಂಬುದೇ ಸ್ವಚ್ಛತೆ. ಅತಿ ಸ್ವಚ್ಛದಿಂದ ಕೆಳಕ್ಕೆ ಹನ್ನೊಂದು ದರ್ಜೆಗಳು. ಎಫ್‌ಎಲ್, ಐಎಫ್, ವಿವಿಎಸ್1, ವಿವಿಎಸ್2, ವಿಎಸ್1, ವಿಎಸ್2, ಎಸ್‌ಐ1, ಎಸ್‌ಐ2, ಕೊನೆಗೆ ಐ1, ಐ2, ಐ3. ಎಲ್ಲವನ್ನೂ ನಿರ್ಧರಿಸುವುದು ಹತ್ತು ಪಟ್ಟು ದೊಡ್ಡದಾಗಿ ನೋಡಿದಾಗ. ವಿವಿಎಸ್ ಎಂದರೆ ತರಬೇತಾದ ಕಣ್ಣಿಗೂ ಲೂಪ್‌ನಲ್ಲಿ ಹುಡುಕುವುದು ಕಷ್ಟ ಎಂದರ್ಥ. ಉಂಗುರ ನೋಡುವವರು ಲೂಪ್ ಹಿಡಿದು ನೋಡುವುದಿಲ್ಲವಲ್ಲ! ಬರಿಗಣ್ಣಿಗೆ ಕಲೆ ಕಾಣದಿರುವುದೇ ನಿಮಗೆ ಬೇಕಾದ ಸ್ವಚ್ಛತೆ. ದುಂಡು ಕಲ್ಲಿನಲ್ಲಿ ಅದು ವಿಎಸ್2ರಲ್ಲಿ ಸಾಮಾನ್ಯವಾಗಿ, ಎಸ್‌ಐ1ರಲ್ಲಿ ಹುಡುಕಿದರೆ ಸಿಗುತ್ತದೆ. ಎಮರಾಲ್ಡ್ ಕಟ್‌ಗೆ ಮಾತ್ರ ವಿಎಸ್ ಕೆಳಗೆ ಇಳಿಯಬೇಡಿ ಎನ್ನುತ್ತೇನೆ.

ಲೂಪ್ ಹಿಡಿಯುವುದನ್ನು ಕಲಿಯಿರಿ, ಐದು ನಿಮಿಷದ ಕೆಲಸ. ಲೂಪ್ ಅನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಕಲ್ಲನ್ನು ಅದರ ಹತ್ತಿರಕ್ಕೆ ತನ್ನಿ. ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಸ್ಪಷ್ಟವಾಗುತ್ತದೆ. ಎರಡು ಮೊಣಕೈಗಳನ್ನೂ ಮೇಜಿಗೆ ಊರಿ, ಲೂಪ್ ಹಿಡಿದ ಕೈಗೆ ಚಿಮಟ ಹಿಡಿದ ಕೈಯನ್ನು ಒರಗಿಸಿ, ನಡುಕ ನಿಲ್ಲುತ್ತದೆ. ಎರಡೂ ಕಣ್ಣು ತೆರೆದಿರಲಿ. ಕಂಡ ಚುಕ್ಕೆ ಧೂಳೋ ಕಲೆಯೋ ಎಂಬ ಅನುಮಾನ ಬಂದರೆ ಒರೆಸಿ ನೋಡಿ, ಧೂಳು ಜಾಗ ಬಿಡುತ್ತದೆ.

ಕಲೆಗಳಲ್ಲಿ ಜಾತಿಗಳಿವೆ. ಸೂಜಿಮೊನೆಯ ಚುಕ್ಕೆ, ಒಳಗೆ ಸಿಕ್ಕಿಕೊಂಡ ಬೇರೆ ಹರಳು, ಗರಿಯಂತಹ ಸೀಳು, ಚುಕ್ಕೆಗಳು ಒತ್ತಾಗಿ ಸೇರಿದ ಮೋಡ. ಟೇಬಲ್‌ನ ನಟ್ಟನಡುವೆ ಕುಳಿತ ಒಂದು ಕಪ್ಪು ಹರಳು ಸುತ್ತಲಿನ ಮುಖಗಳಲ್ಲೆಲ್ಲ ಪ್ರತಿಫಲಿಸಿ ಎಂಟಾಗಿ ಕಾಣಬಹುದು. ಅದೇ ಗಾತ್ರದ ಬಿಳಿ ಗರಿ ಅಂಚಿನಲ್ಲಿದ್ದರೆ ಕಲ್ಲನ್ನು ಹಿಡಿದಿಡುವ ಲೋಹದ ಉಗುರಿನ ಕೆಳಗೆ ಮುಚ್ಚಿಹೋಗುತ್ತದೆ. ದರ್ಜೆ ಎರಡಕ್ಕೂ ಎಸ್‌ಐ1. ಹೀಗಾಗಿ ಅಕ್ಷರ ನೋಡಿ ಬೆಲೆ ಕೊಡಬೇಡಿ, ನಕ್ಷೆ ನೋಡಿ. ದೊಡ್ಡ ವರದಿಗಳಲ್ಲಿ ಕಲ್ಲಿನ ನಕ್ಷೆಯಿರುತ್ತದೆ, ಒಳಗಿನ ಕಲೆ ಕೆಂಪಿನಲ್ಲಿ, ಮೇಲ್ಮೈಯ ಗುರುತು ಹಸಿರಿನಲ್ಲಿ. ನಕ್ಷೆ ಸ್ವಚ್ಛವಾಗಿದ್ದೂ ದರ್ಜೆ ಎಸ್‌ಐ2 ಎಂದಿದ್ದರೆ ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿ ಓದಿ. "ಮೋಡಗಳನ್ನು ತೋರಿಸಿಲ್ಲ" ಎಂಬ ಅರ್ಥದ ಸಾಲಿದ್ದು, ದರ್ಜೆ ಆ ಮೋಡದಿಂದಲೇ ಬಂದಿದ್ದರೆ, ಇಡೀ ಕಲ್ಲು ಮಸುಕಾಗಿರುವ ಸಂಭವವಿದೆ. ಇಂತಹದನ್ನು ಮೇಜಿನ ಕೆಳಗೆ ಎರಡು ಸಲ ನೋಡಿ.

ಒಮ್ಮೆ ನನ್ನ ಕೈಗೆ ಬಂದ ಕಲ್ಲಿನ ನಡುವೆ ರಕ್ತದ ಹನಿಯಂತಹ ಕೆಂಪು ಗಾರ್ನೆಟ್ ಹರಳಿತ್ತು. ನೂರೈವತ್ತು ಕಿಲೋಮೀಟರಿಗೂ ಆಳದಲ್ಲಿ ವಜ್ರ ಬೆಳೆಯುವಾಗ ತನ್ನೊಳಗೆ ಹಿಡಿದಿಟ್ಟುಕೊಂಡದ್ದು. ನಿಯಮದಂತೆ ಐ1 ಎಂದು ಬರೆದೆ. ಮನಸ್ಸಿಲ್ಲದೆ ಬರೆದ ದರ್ಜೆಗಳಲ್ಲಿ ಅದೂ ಒಂದು.

ಅಂದವಲ್ಲದೆ ಬಾಳಿಕೆಯ ಮಾತೂ ಇದೆ. ವಜ್ರ ಎಲ್ಲಕ್ಕಿಂತ ಗಟ್ಟಿ ನಿಜ, ಆದರೆ ಗಟ್ಟಿ ಎಂದರೆ ಗೀರು ಬೀಳುವುದಿಲ್ಲ ಎಂದು, ಒಡೆಯುವುದಿಲ್ಲ ಎಂದಲ್ಲ. ನಾಲ್ಕು ದಿಕ್ಕುಗಳಲ್ಲಿ ಅದು ಸೌದೆಯಂತೆ ಸೀಳುತ್ತದೆ. ಗರಿಯೊಂದು ಮೇಲ್ಮೈಯನ್ನು ಮುಟ್ಟಿದ್ದರೆ, ಅದರಲ್ಲೂ ಸೊಂಟದ ಅಂಚಿನಲ್ಲಿ ಉದ್ದವಾಗಿದ್ದರೆ, ಆ ಕಲ್ಲನ್ನು ದಿನವೂ ಧರಿಸುವ ಉಂಗುರಕ್ಕೆ ಹಾಕಬೇಡಿ. ಸೊಂಟ ತೀರಾ ತೆಳುವಾಗಿದ್ದರೂ ಅದೇ ಮಾತು.

ಕಾಗದ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಇಷ್ಟಾದ ಮೇಲೆ ಪ್ರಮಾಣಪತ್ರ. ಮಾರುವವನೇ ಬರೆದುಕೊಟ್ಟದ್ದು ಪ್ರಮಾಣವಲ್ಲ. ಮಾರಾಟದಲ್ಲಿ ಪಾಲಿಲ್ಲದ ಪ್ರಯೋಗಾಲಯದ್ದಾಗಿರಬೇಕು. ಎಲ್ಲ ಪ್ರಯೋಗಾಲಯಗಳ ಕೈ ಒಂದೇ ಬಿಗಿಯಲ್ಲ. ಒಂದು ಕಡೆ ಎಚ್ ಎನಿಸಿಕೊಂಡ ಕಲ್ಲು ಇನ್ನೊಂದು ಕಡೆ ಎಫ್ ಆಗಿ ಬಂದದ್ದನ್ನು ನೋಡಿದ್ದೇನೆ. ಆದ್ದರಿಂದ ಬೇರೆ ಬೇರೆ ಪ್ರಯೋಗಾಲಯಗಳ ಕಲ್ಲುಗಳನ್ನು ಬರಿಯ ಅಕ್ಷರದಿಂದ ಹೋಲಿಸಬೇಡಿ. ವರದಿಯ ಸಂಖ್ಯೆಯನ್ನು ಹಲವು ಕಲ್ಲುಗಳ ಸೊಂಟದ ಮೇಲೆ ಲೇಸರ್‌ನಿಂದ ಕೆತ್ತಿರುತ್ತಾರೆ. ಲೂಪ್‌ನಲ್ಲಿ ಓದಿ ತಾಳೆ ನೋಡಿ, ಅದೇ ಸಂಖ್ಯೆಯನ್ನು ಪ್ರಯೋಗಾಲಯದ ಜಾಲತಾಣದಲ್ಲೂ ಹಾಕಿ ನೋಡಿ. ತೂಕ ಮತ್ತು ಮಿಲಿಮೀಟರ್ ಕಲ್ಲು, ಕಾಗದ, ಜಾಲತಾಣ ಮೂರೂ ಕಡೆ ಒಂದೇ ಇರಬೇಕು. ಇನ್ನೊಂದು ವಿಷಯ: ವರದಿಯಲ್ಲಿ ಬೆಲೆಯಿರುವುದಿಲ್ಲ. "ಇಷ್ಟು ಬೆಲೆ ಬಾಳುತ್ತದೆ" ಎಂದು ಜೊತೆಗೆ ಕೊಡುವ ಚೀಟಿ ಬೇರೆ, ಅದು ಮಾರಾಟದ ಮಾತು.

ಕಲ್ಲಿಗೆ ಚಿಕಿತ್ಸೆ ನಡೆದಿದೆಯೇ ಎಂದು ಕೇಳಿ, ಉತ್ತರವನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಕಪ್ಪು ಕಲೆಯ ತನಕ ಲೇಸರ್‌ನಿಂದ ಕೂದಲಿನಷ್ಟು ಸಣ್ಣ ರಂಧ್ರ ಕೊರೆದು ಬಿಳುಚಿಸುತ್ತಾರೆ. ಸೀಳುಗಳಿಗೆ ಗಾಜಿನಂತಹ ವಸ್ತು ತುಂಬುತ್ತಾರೆ. ವಾಲಿಸಿದಾಗ ಸೀಳಿನ ಜಾಗದಲ್ಲಿ ನೇರಳೆ, ಕಿತ್ತಳೆ ಮಿಂಚು ಹಾಯುವುದು ಅದರ ಗುರುತು. ಅಂತಹ ಕಲ್ಲನ್ನು ಮುಂದೊಂದು ದಿನ ಉಂಗುರ ಬೆಸೆಯುವ ಉರಿಗೆ ಒಡ್ಡಿದರೆ ತುಂಬಿದ್ದು ಹಾಳಾಗುತ್ತದೆ, ಮುಚ್ಚಿದ್ದೆಲ್ಲ ಮತ್ತೆ ಕಾಣುತ್ತದೆ.

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರದ ಬಗ್ಗೆ ಕೇಳದವರಿಲ್ಲ. 1954ರಲ್ಲೇ ಅಧಿಕ ಒತ್ತಡ, ಅಧಿಕ ಉಷ್ಣತೆಯಲ್ಲಿ ವಜ್ರ ಮಾಡಿದ್ದರು; ಈಗ ಅನಿಲದಿಂದ ಪದರ ಪದರವಾಗಿ ಬೆಳೆಸುವ ವಿಧಾನವೂ ಇದೆ. ಅದೂ ಇಂಗಾಲ, ಅಷ್ಟೇ ಗಟ್ಟಿ, ಅಷ್ಟೇ ಹೊಳಪು. ಅದನ್ನು ನಕಲಿ ಎನ್ನುವುದು ತಪ್ಪು. ಗಣಿಯ ಕಲ್ಲೆಂದು ಹೇಳಿ ಅದನ್ನು ಮಾರುವುದು ಮೋಸ. ಲೂಪ್ ಹಿಡಿದು ಬೇರ್ಪಡಿಸುತ್ತೇನೆ ಎನ್ನುವವರ ಮಾತಿಗೆ ತಲೆಯಾಡಿಸಬೇಡಿ, 22 ವರ್ಷದ ನಂತರವೂ ನನ್ನಿಂದ ಅದು ಆಗದು, ಯಂತ್ರವೇ ಬೇಕು. ಕಟ್‌ನ ವಿಷಯದಲ್ಲಿ ಮಾತ್ರ ಅದಕ್ಕೂ ಇದಕ್ಕೂ ಒಂದೇ ಪರೀಕ್ಷೆ, ಒಂದೇ ಮೇಜು.

ವಜ್ರದಂತೆಯೇ ಕಾಣುವ ಮಾಯ್ಸನೈಟ್ ಎಂಬ ಕಲ್ಲು ಬೇರೆ. ಅದು ವಜ್ರವೇ ಅಲ್ಲ, ಆದರೆ ಶಾಖ ಅಳೆಯುವ ಪುಟ್ಟ ಪರೀಕ್ಷಾ ಯಂತ್ರಗಳನ್ನು ಏಮಾರಿಸುತ್ತದೆ. ಲೂಪ್‌ನಲ್ಲಿ ಓರೆಯಾಗಿ ನೋಡಿದರೆ ಹಿಂಭಾಗದ ಮುಖಗಳ ಅಂಚುಗಳು ಎರಡೆರಡಾಗಿ ಕಾಣುತ್ತವೆ, ವಜ್ರದಲ್ಲಿ ಹಾಗಾಗುವುದಿಲ್ಲ. ವಜ್ರದಂತೆ ಕಾಣುವ ಇನ್ನೊಂದು ಕಲ್ಲು ಕ್ಯೂಬಿಕ್ ಜಿರ್ಕೋನಿಯಾ, ಅದೇ ಗಾತ್ರದ ವಜ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ. ಉಸಿರು ಊದುವುದು, ಪತ್ರಿಕೆಯ ಅಕ್ಷರದ ಮೇಲಿಡುವುದು, ಗಾಜಿಗೆ ಗೀಚುವುದು ಇಂತಹ ಮನೆ ಪರೀಕ್ಷೆಗಳನ್ನೆಲ್ಲ ಬಿಡಿ. ಗಾಜನ್ನು ಗೀಚುವ ಕಲ್ಲುಗಳು ಬೇಕಾದಷ್ಟಿವೆ, ಗೀಚಲು ಹೋಗಿ ನಿಮ್ಮ ಕಲ್ಲಿನ ಅಂಚೇ ಮುಕ್ಕಾಗಬಹುದು.

ಕೂರಿಸಲು ಕೊಡುವ ಮುನ್ನ ಕಲ್ಲಿನ ನಕ್ಷೆ ನೋಡಿ ಒಂದೆರಡು ಕಲೆಗಳ ಜಾಗ ನೆನಪಿಟ್ಟುಕೊಳ್ಳಿ. ಕೂರಿಸಿ ಬಂದ ಮೇಲೆ ಅದೇ ಕಲೆಗಳನ್ನು ಲೂಪ್‌ನಲ್ಲಿ ಹುಡುಕಿ. ಸಿಕ್ಕರೆ ಕಲ್ಲು ನಿಮ್ಮದೇ. ಕಲೆಯಿರುವ ಕಲ್ಲಿನ ಲಾಭ ಇದೊಂದು: ಗುರುತು ಹಿಡಿಯುವುದು ಸುಲಭ.

ಅಕ್ಕನಿಗೆ ಹನ್ನೊಂದು ವರ್ಷ ತಡವಾಗಿ ಬೇರೆ ಕಲ್ಲು ಕೊಡಿಸಿದೆ. 0.68 ಕ್ಯಾರೆಟ್, ಬಣ್ಣ ಜೆ, ಎಸ್‌ಐ1, ಒಂದು ಬಿಳಿ ಗರಿ ಉಗುರಿನ ಕೆಳಗೆ. ಈ ಸಲ ಆರಿಸಿದ್ದು ಅವಳೇ. ಮೂರು ಕಲ್ಲುಗಳನ್ನು ಹಿಡಿದು ಮೇಜಿನ ಕೆಳಗೆ ಬಗ್ಗಿದಳು, ನಾನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕುಳಿತಿದ್ದೆ. ಅದರ ಅಕ್ಷರಗಳು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಮಂಕಾಯಿತೆಂದು ಆಗಾಗ ನನ್ನ ಬಳಿ ತರುತ್ತಾಳೆ. ಉಗುರುಬೆಚ್ಚಗಿನ ನೀರು, ಎರಡು ಹನಿ ಸೌಮ್ಯವಾದ ಸೋಪು, ಮೃದುವಾದ ಬ್ರಷ್. ಹತ್ತು ನಿಮಿಷ ನೆನೆಸಿ ಉಜ್ಜುತ್ತೇನೆ. ಉಜ್ಜಬೇಕಾದದ್ದು ಮೇಲಿನ ಮುಖವನ್ನಲ್ಲ, ಉಂಗುರವನ್ನು ಮಗುಚಿ ಪೆವಿಲಿಯನ್ ಭಾಗವನ್ನು. ಜಿಡ್ಡು ಕೂರುವುದು ಅಲ್ಲೇ, ಬೆಳಕು ಸೋರುವುದೂ ಅಲ್ಲಿಂದಲೇ.